ಹನ್ನೆರಡು ಗಡಿಗೆ

"ಕೇಳಿರಪ್ಪಾ ಕೇಳಿ. ಹೆಬ್ಬಂಡೆಯ ಅರಸರಾದ ಕೇತರಸರ ಅಪ್ಪಣೆ. ಎಳೆಪಡೆಯ ತೊಂಬತ್ತಾರು ಮಕ್ಕಳನ್ನು ಸಣ್ಣ ಗುಂಪುಗಳಾಗಿ ಒಡೆಯಬೇಕು. ಬಲ್ಲವನು ಅರಮನೆಗೆ ಬರಲಿ. ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಪಡೆಗೆ ನಾಯಕ. ಒಂದು ತಪ್ಪಿದರೂ ತಲೆ ಉಳಿಯದು. ಹುಣ್ಣಿಮೆಗೆ ಪಡೆ ಮತ್ತೆ ಬೆಟ್ಟ ಹತ್ತುತ್ತದೆ. ಅಷ್ಟರೊಳಗೆ ಬನ್ನಿ."

ಮೂರು ದಿನ ಡಂಗುರ ಸಾರಿದರು.

ಆ ರಾಜ್ಯದಲ್ಲಿ ಹದಿನಾಲ್ಕು ತುಂಬಿದ ಹುಡುಗ ಹುಡುಗಿಯರು ಎಳೆಪಡೆ ಸೇರುತ್ತಿದ್ದರು. ಕಾಡಿನಲ್ಲಿ ದಾರಿ ಗುರುತಿಸುವುದು, ಹಗ್ಗಕ್ಕೆ ಗಂಟು ಹಾಕುವುದು, ಒದ್ದೆ ಸೌದೆಯಲ್ಲಿ ಬೆಂಕಿ ಹೊತ್ತಿಸುವುದು ಅಲ್ಲಿನ ಪಾಠ. ಎಲ್ಲರೂ ಒಂದೇ ಸಾಲಿನಲ್ಲಿ ನಡೆಯಬೇಕು, ಒಂದೇ ಕೊಪ್ಪರಿಗೆಯ ಅಡುಗೆ ಉಣ್ಣಬೇಕು. ಮೇಲು ಕೀಳು ಇರಬಾರದೆಂದು ಅರಸನೇ ಮಾಡಿದ ಕಟ್ಟಳೆ ಅದು.

ಹೋದ ತಿಂಗಳು ಬೆಟ್ಟದ ದಾರಿಯಲ್ಲಿ ಅರಸನ ಮಗ ಹರಿಗ ಕಾಲು ಉಳುಕಿ ಹಿಂದೆ ಬಿದ್ದ. ಯಾರಿಗೂ ತಿಳಿಯಲಿಲ್ಲ. ಮೂರನೆಯ ದಿನ ತಲೆ ಎಣಿಸಿದಾಗ ಒಂದು ಕಡಿಮೆ. ಪಡೆಯ ಅಂದಿನ ನಾಯಕ ಹೆದರಿ ಹೇಳದೆ ಕೇಳದೆ ಗಡಿ ದಾಟಿ ಓಡಿದ. ಹುಡುಗ ಬಂಡೆಯ ಸಂದಿನಲ್ಲಿ ಸಿಕ್ಕಿದ. ಜೀವ ಇತ್ತು, ಮಾತು ಇರಲಿಲ್ಲ. ಅಂದಿನಿಂದ ಕುಂಟುತ್ತಾನೆ, ಬಾಯಿ ಬಿಡುವುದಿಲ್ಲ.

ಹುಣ್ಣಿಮೆಗೆ ಎರಡು ದಿನ ಇರುವಾಗ ಸಭೆ ಸೇರಿತು. ಹರಿಗ ತಂದೆಯ ಕಾಲ ಬಳಿ ಕುಳಿತಿದ್ದ.

ಅರಸ ಮೊದಲ ಒಗಟು ಕೇಳಿದ. "ನನ್ನ ಮಗ ಹಿಂದೆ ಬಿದ್ದ ದಿನ ಅವನ ಜೊತೆ ತೊಂಬತ್ತೈದು ಜನ ಇದ್ದರು. ನೂರ ತೊಂಬತ್ತು ಕಣ್ಣು. ಒಂದಕ್ಕೂ ಅವನು ಇಲ್ಲದ್ದು ಕಾಣಲಿಲ್ಲ. ಎಷ್ಟು ಕಣ್ಣಿದ್ದರೆ ಕಾಣುತ್ತಿತ್ತು?"

ಗಣಿತದ ಪಂಡಿತ ಶ್ರೀಪಾಲಯ್ಯ ಎದ್ದ. "ನೂರ ತೊಂಬತ್ತು ಸಾಲಲಿಲ್ಲ ಎಂದ ಮೇಲೆ ಹೆಚ್ಚು ಬೇಕು ಪ್ರಭು. ನಾಲ್ಕು ನೂರು."

"ಸೆರೆಗೆ ಹಾಕಿ. ಹೊತ್ತು ಮುಳುಗಿದ ಮೇಲೆ ತಲೆ," ಎಂದ ಅರಸ.

ಗರಡಿಯ ಕೆಂಚೇಗೌಡ ಮೀಸೆ ತಿರುವಿದ. "ಪಂಡಿತರಿಗೆ ಎಣಿಸುವುದು ಗೊತ್ತು, ನೋಡುವುದು ಗೊತ್ತಿಲ್ಲ. ಎರಡು ಕಣ್ಣು ಸಾಕು. ನನ್ನವು."

"ಇವನನ್ನೂ ಸೆರೆಗೆ ಹಾಕಿ."

ಆಮೇಲೆ ಯಾರೂ ಏಳಲಿಲ್ಲ. ಹೊತ್ತು ಇಳಿಯುತ್ತ ಬಂತು.

ಬಾಗಿಲ ಬಳಿ ಮಾಚ ನಿಂತಿದ್ದ. ಪಡೆಯ ಅಡುಗೆಯವನು, ಇಪ್ಪತ್ತರ ಪ್ರಾಯ. ಕೈಯಲ್ಲಿ ಮಸಿ, ಎದೆಯಲ್ಲಿ ಒಂದು ಮಾತು. ಅದನ್ನು ಹೇಳಿದರೆ ತಲೆ ಹೋಗಬಹುದು. ಹೇಳದಿದ್ದರೆ ಹುಣ್ಣಿಮೆಗೆ ತೊಂಬತ್ತಾರು ಮಕ್ಕಳು ಮತ್ತೆ ಒಂದೇ ಸಾಲಿನಲ್ಲಿ ಬೆಟ್ಟ ಹತ್ತುತ್ತಾರೆ. ತಿಂಗಳಿಂದ ಅವನಿಗೆ ಅನ್ನ ಸೇರಿರಲಿಲ್ಲ.

ಅವನು ಮುಂದೆ ಬಂದ.

"ನೀನು ಯಾಕೋ ಬಂದೆ? ಸೌಟಿನಲ್ಲಿ ಒಗಟು ಬಡಿಸುತ್ತೀಯಾ?" ಎಂದ ಮಂತ್ರಿ.

"ಹದಿನಾಲ್ಕು ಕಣ್ಣು, ಬುದ್ಧಿ," ಎಂದ ಮಾಚ. "ಒಂದು ಗಡಿಗೆಯ ಸುತ್ತ ಎಂಟು ಜನ ಕೂತರೆ, ಒಬ್ಬ ಬರದಿದ್ದರೆ ಉಳಿದ ಏಳು ಜನಕ್ಕೆ ಆ ಜಾಗ ಖಾಲಿ ಕಾಣುತ್ತದೆ. ನೂರು ಜನರ ಪಂಕ್ತಿಯಲ್ಲಿ ಪಕ್ಕದವನು ಸರಿದು ಕೂತರೆ ಜಾಗ ಮುಚ್ಚಿಹೋಗುತ್ತದೆ."

ಅರಸ ತಲೆ ಆಡಿಸಲಿಲ್ಲ. ಸೆರೆಗೂ ಹಾಕಿಸಲಿಲ್ಲ. ಎರಡನೆಯದನ್ನು ಕೇಳಿದ. "ಎಲ್ಲರಿಗಿಂತ ಹಿಂದೆ ಬೀಳುವವನು ಎಲ್ಲರಿಗಿಂತ ಮುಂದೆ ಇರುತ್ತಾನೆ. ಅವನು ಮುಂದಿರುವ ತನಕ ಯಾರೂ ಹಿಂದೆ ಬೀಳುವುದಿಲ್ಲ. ಯಾರವನು?"

ಅರಸನ ಆಳುಗಳು ಮಾಚನ ಹತ್ತಿರ ಸರಿದರು. ಅವನ ಕಣ್ಣು ಹರಿಗನ ಪಾದದ ಮೇಲೆ ಬಿತ್ತು.

"ನಿಧಾನ ನಡೆಯುವವನು, ಬುದ್ಧಿ. ಕಾಲು ನೋಯುವವನು. ಗುಂಪಿನಲ್ಲಿ ಅವನನ್ನೇ ಮುಂದೆ ಬಿಡಬೇಕು. ಅವನ ಹೆಜ್ಜೆಗೆ ಉಳಿದವರು ನಡೆಯುತ್ತಾರೆ. ಗಟ್ಟಿಗನನ್ನು ಮುಂದೆ ಬಿಟ್ಟರೆ ಅವನು ತಿರುಗಿ ನೋಡುವುದಿಲ್ಲ."

ಅರಸ ಎದ್ದು ನಿಂತ. "ಮೂರನೆಯದು. ನನ್ನ ಮಗ ಹಿಂದೆ ಉಳಿದದ್ದು ಎಲ್ಲರಿಗಿಂತ ಮೊದಲು ಯಾರಿಗೆ ಗೊತ್ತಾಯಿತು? ಇದಕ್ಕೆ ಉತ್ತರ ನನ್ನ ಹತ್ತಿರವೂ ಇಲ್ಲ. ಸುಳ್ಳಾದರೆ ಮುಖ ನೋಡಿ ತಿಳಿಯುತ್ತೇನೆ."

ಮಾಚ ನೆಲದ ಮೇಲೆ ಕುಳಿತುಬಿಟ್ಟ.

"ಕೊಪ್ಪರಿಗೆಗೆ ಗೊತ್ತಾಯಿತು. ನಾನು ತೊಂಬತ್ತಾರು ಪಾಲು ಅಳೆದು ಬೇಯಿಸುತ್ತೇನೆ. ಆ ಸಂಜೆ ತಳದಲ್ಲಿ ಒಂದು ಪಾಲು ಉಳಿದಿತ್ತು. ಯಾರಿಗೋ ಹೊಟ್ಟೆ ಸರಿಯಿಲ್ಲ ಅಂದುಕೊಂಡೆ. ಮಾರನೆಯ ದಿನವೂ ಉಳಿಯಿತು. ಯಾರದು ಎಂದು ಕೇಳಲಿಲ್ಲ. ಕೆರೆದು ನಾಯಿಗೆ ಹಾಕಿದೆ. ತೊಳೆದಿಟ್ಟೆ."

ಮಂತ್ರಿ ಕತ್ತಿಯವನ ಕಡೆ ನೋಡಿದ. ಅರಸನ ಮುಖ ಕಪ್ಪಿಟ್ಟಿತು.

"ಏನು ಅಡುಗೆ ಮಾಡಿದ್ದೆ?"

ಕೇಳಿದವನು ಹರಿಗ. ತಿಂಗಳ ಮೇಲೆ ಬಂದ ಮೊದಲ ಮಾತು. ದನಿ ತುಕ್ಕು ಹಿಡಿದ ಹಾಗಿತ್ತು.

"ಮೊದಲ ದಿನ ರಾಗಿ ಅಂಬಲಿ, ಚಿಕ್ಕ ದೊರೆ. ಎರಡನೆಯ ದಿನ ಹುರುಳಿ ಹುಳಿ, ಮುದ್ದೆ."

"ನನ್ನ ಪಾಲೂ ಇತ್ತೇ?"

"ಎರಡು ದಿನವೂ ಇತ್ತು."

"ನನ್ನನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಅಂದುಕೊಂಡಿದ್ದೆ," ಎಂದು ಹುಡುಗ ಅಳತೊಡಗಿದ.

ಅರಸ ಮಗನ ತಲೆಯ ಮೇಲೆ ಕೈ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಒಂದೇ ಕೊಪ್ಪರಿಗೆ ಎಂದವನು ನಾನು," ಎಂದ ಕೊನೆಗೆ. "ಇವನ ತಲೆ ತೆಗೆದರೆ ನನ್ನದೂ ತೆಗೆಯಬೇಕು. ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ. ಮಾಚ, ಪಡೆ ನಿನ್ನದು. ಬೇರೆ ಏನು ಬೇಕು?"

"ಹನ್ನೆರಡು ಗಡಿಗೆ, ಬುದ್ಧಿ."

ಹುಣ್ಣಿಮೆಯ ಬೆಳಗ್ಗೆ ಎಂಟೆಂಟು ಜನರ ಹನ್ನೆರಡು ಗುಂಪು ಬೆಟ್ಟ ಹತ್ತಿದವು. ಮೊದಲ ಗುಂಪಿನ ಮುಂದೆ ಹರಿಗ ಕುಂಟುತ್ತ ನಡೆದ. ಅವನ ಹಿಂದೆ ಏಳು ಜನ, ಅವರ ಹಿಂದೆ ಉಳಿದವರು. ಯಾರೂ ಅವಸರ ಮಾಡಲಿಲ್ಲ. ಸಂಜೆ ಮಾಚ ಪ್ರತಿ ಗಡಿಗೆಯ ತಳಕ್ಕೂ ಬಗ್ಗಿ ನೋಡಿದ. ಹನ್ನೆರಡೂ ಖಾಲಿ ಇದ್ದವು. ಆಮೇಲೆ ತೆಗೆದಿಟ್ಟಿದ್ದ ತನ್ನ ಪಾಲನ್ನು ಅವನೂ ಉಂಡ.

ಆ ಸೀಮೆಯವರು ಇವತ್ತಿಗೂ ತಳದಲ್ಲಿ ಅಡುಗೆ ಉಳಿದರೆ ಹಾಗೇ ಪಾತ್ರೆ ತೊಳೆಯುವುದಿಲ್ಲ. ಹೊಸಿಲಿಗೆ ಬಂದು, "ಇದು ಯಾರ ಪಾಲು?" ಎಂದು ಒಮ್ಮೆ ಕೂಗುತ್ತಾರೆ. ಉತ್ತರ ಬರುವ ತನಕ ಕಾಯುತ್ತಾರೆ.