ಮುಳ್ಳುಹಂದಿಯ ಮಂತ್ರಿಗಿರಿ

ಕಾಡಿನ ಹೊಸ ಅಧ್ಯಕ್ಷೆಯಾದ ಹೆಣ್ಣಾನೆ ನೀರಿನ ಖಾತೆಯನ್ನು ಮುಳ್ಳುಹಂದಿಗೆ ಕೊಟ್ಟಿತು. ಕಾಡಿನಲ್ಲೆಲ್ಲ ಅದೇ ಮಾತು. "ಪಕ್ಕದಲ್ಲಿ ಕೂರಲೂ ಆಗದವನು ಎಂಥ ಮಂತ್ರಿ?" ಎಂದು ನರಿ ನಕ್ಕಿತು. "ಬೆನ್ನು ಸವರಿ ಒಂದು ಕೆಲಸ ಮಾಡಿಸಿಕೊಳ್ಳುವಂತಿಲ್ಲ" ಎಂದು ಕರಡಿ ಗೊಣಗಿತು. ಇದನ್ನೆಲ್ಲ ಕೇಳಿ ಮುಳ್ಳುಹಂದಿಗೂ ಒಳಗೊಳಗೇ ಅಳುಕಾಯಿತು.

ಬೇಸಿಗೆ ಬಲಿತು ಒಂದೇ ಒಂದು ಹೊಂಡ ಉಳಿಯಿತು. ಮೊದಲು ಮರಿಗಳು, ಆಮೇಲೆ ದೊಡ್ಡವರು ಎಂದು ಮುಳ್ಳುಹಂದಿ ಕಟ್ಟಳೆ ಮಾಡಿತು. ಒಂದು ಮಧ್ಯಾಹ್ನ ಜಿಂಕೆಮರಿಗಳು ನೀರು ಕುಡಿಯುತ್ತಿದ್ದಾಗ, ಬಿಸಿಲಲ್ಲಿ ಬೆಂದು ಬಂದ ಆನೆ ನೇರವಾಗಿ ಹೊಂಡದತ್ತ ನಡೆಯಿತು. ಸಾಲಿನಲ್ಲಿ ಕಾಯುತ್ತಿದ್ದ ಪ್ರಾಣಿಗಳೆಲ್ಲ ದಾರಿ ಬಿಟ್ಟವು. ಮುಳ್ಳುಹಂದಿ ಮಾತ್ರ ಮುಳ್ಳು ನಿಮಿರಿಸಿ ಎದುರು ನಿಂತಿತು.

"ಅಧ್ಯಕ್ಷರೇ, ಮರಿಗಳದ್ದು ಇನ್ನೂ ಮುಗಿದಿಲ್ಲ."

"ನಿನ್ನನ್ನು ಮಂತ್ರಿ ಮಾಡಿದ್ದು ಯಾರು, ಗೊತ್ತೇ?"

"ತಾವೇ. ಎಲ್ಲರಿಗೂ ನೀರು ಸಿಗಲಿ ಎಂದು ಮಾಡಿದಿರಿ."

ಆನೆ ಚಾಚಿದ ಸೊಂಡಿಲನ್ನು ಹಿಂದಕ್ಕೆಳೆದುಕೊಂಡಿತು. ಸಾಲಿನ ಕೊನೆಗೆ ಹೋಗಿ ನರಿಯ ಹಿಂದೆ ನಿಂತು, "ನೋಡಿದಿರಾ ನನ್ನ ಮಂತ್ರಿಯನ್ನು" ಎಂದು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿತು. ಮುಳ್ಳುಹಂದಿ ತಲೆ ಎತ್ತಿ, ಮುಂದಿನ ಮರಿಯನ್ನು ನೀರಿಗೆ ಕರೆಯಿತು.