ಮುಖ ಕಾಣುವ ನೆಲ

ಮಾತೋಶ್ರೀ ಸಾಂಬವ್ವ ತಾಯಿಯವರು ಮಲಪ್ರಭೆಯ ದಂಡೆಯ ಹುಣಸಿಕಟ್ಟಿಯಲ್ಲಿ ವಾಸವಿದ್ದ ಮನೆಯನ್ನು ಮನೆ ಎನ್ನಲು ದೊಡ್ಡ ಮನಸ್ಸು ಬೇಕಿತ್ತು. ಯಾರೋ ಕುಂಬಾರರು ಬಿಟ್ಟುಹೋದ ಒಂದೇ ಅಂಕಣದ ಮಣ್ಣಿನ ಗೂಡು ಅದು. ಒಂದು ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ನೆಲ ಬಾಗಿಲಿನಿಂದ ಒಲೆಯ ಕಡೆಗೆ ಇಳಿಜಾರು. ಹೊಸ್ತಿಲು ತುಳಿದು ತುಳಿದು ನಡುವೆ ತಗ್ಗಾಗಿತ್ತು. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟು ಸಲ ಗೋಗರೆದರೂ ತಾಯಿಯವರು ನಕ್ಕು ಸುಮ್ಮನಾಗುತ್ತಿದ್ದರು. "ಇದು ನನ್ನ ಕಾಲಿಗೆ ಗೊತ್ತೈತಿ" ಎಂದು ಒಮ್ಮೆ ಮಾತ್ರ ಅಪ್ಪಣೆ ಕೊಡಿಸಿದ್ದರಂತೆ. ಆ ಮಾತಿನ ಆಳ ಆಗ ಯಾರಿಗೂ ತಿಳಿಯಲಿಲ್ಲ. ಅರಳೆ ವ್ಯಾಪಾರಿ ಅಂದಾನೆಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ ದಿನ ತಿಳಿಯಿತು.

ಅಂದಾನೆಪ್ಪನಿಗೆ ಸಾಧುಸಂತರಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಬೂದಿಯಲ್ಲಿ ಹೊರಳಿದ ಕತ್ತೆಯೂ ಶರಣನೇನು ಎಂದು ಸಂತೆಯಲ್ಲಿ ನಿಂತು ನಗೆಯಾಡಿದವನು ಅವನು. ಅಂಥವನು ಹುಣಸಿಕಟ್ಟಿಯ ಕೆಸರು ತುಳಿದು ಬಂದನೆಂದರೆ ಬೇರೆ ದಾರಿ ಉಳಿದಿರಲಿಲ್ಲ ಎಂದೇ ಅರ್ಥ.

ಅವನ ಹೆಂಡತಿ ನಿಂಬೆವ್ವನಿಗೆ ಹನ್ನೊಂದು ವರ್ಷದ ಹಿಂದೆ ವಿಷಮಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಆದರೂ ಅವರ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಆಕೆ ರೊಟ್ಟಿ ಬಡಿದಳು, ನೀರು ತುಂಬಿದಳು, ದೇವರ ಗೂಡಿಗೆ ದೀಪ ಇಟ್ಟಳು. ಬಂದ ಬೀಗರು ಉಂಡು ಎಲೆಯಡಿಕೆ ಹಾಕಿಕೊಂಡು ಹೊರಟರೂ ಆಕೆ ಕುರುಡಿ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಂದಾನೆಪ್ಪನಿಗೇ ಅದು ಮರೆತುಹೋದಂತಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಅಂದಾನೆಪ್ಪ ಕಟ್ಟಿಯೇ ನೋಡಿದ. ದುಡಿದು ಸವೆದ ಹೆಂಡತಿ ಇನ್ನಾದರೂ ಸುಖಪಡಲಿ ಎಂಬ ಆಸೆ ಅವನದು, ಅದರಲ್ಲಿ ಕಪಟವಿರಲಿಲ್ಲ. ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಸಾಗವಾನಿಯ ಬಾಗಿಲುಗಳ ಎರಡಂತಸ್ತಿನ ಮಹಲು ಎಬ್ಬಿಸಿದ. ಕೆಲಸಕ್ಕೆ ಇಬ್ಬರು ಆಳುಗಳನ್ನೂ ಇಟ್ಟ. ಒಕ್ಕಲಾದ ಮೊದಲ ವಾರದಲ್ಲೇ ನಿಂಬೆವ್ವ ಎರಡು ಸಲ ಬಿದ್ದಳು. ಆಮೇಲೆ ನಡುಮನೆಯ ಮೂಲೆಯ ಚಾಪೆ ಹಿಡಿದು ಕೂತವಳು ತಾನಾಗಿ ಏಳಲೇ ಇಲ್ಲ. ಉಣ್ಣಿಸಿದರೆ ಉಂಡಳು, ಎಬ್ಬಿಸಿದರೆ ಎದ್ದಳು, ಮಾತು ನಿಂತೇಹೋಯಿತು. ಜನರ ಕಣ್ಣು ಬಿದ್ದಿದೆ ಎಂದು ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದ. ವಾಸ್ತು ಕೆಟ್ಟಿದೆ ಎಂದರು, ಬಾಗಿಲನ್ನೇ ಕಿತ್ತು ಬೇರೆ ದಿಕ್ಕಿಗೆ ಇಡಿಸಿದ. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಹೆಂಡತಿ ಕಣ್ಣೆದುರೇ ಕರಗುತ್ತಿದ್ದಳು, ಅಂದಾನೆಪ್ಪನಿಗೆ ಒಳಗೊಳಗೇ ಭಯ ಹತ್ತಿತ್ತು.

ತಾಯಿಯವರು ಇಬ್ಬರನ್ನೂ ಒಳಗೆ ಕರೆದು ಕಂಬಳಿಯ ಮೇಲೆ ಕೂರಿಸಿದರು. ಅಂದಾನೆಪ್ಪ ಕಷ್ಟ ಹೇಳಲು ಬಂದವನು ಮನೆಯ ವರ್ಣನೆಗೇ ಇಳಿದುಬಿಟ್ಟ.

"ಏನು ಕಡಿಮಿ ಮಾಡೀನ್ರೀ ಯವ್ವಾ? ಇಡೀ ತಾಲೂಕಿನ್ಯಾಗ ಅಂಥಾ ಮನಿ ಇಲ್ರಿ. ಕರೀಕಲ್ಲಿನ ನೆಲ. ಬಗ್ಗಿ ನೋಡಿದ್ರ ಮುಖ ಕಾಣತೈತಿ."

ತಾಯಿಯವರು ಅವನನ್ನೇ ನೋಡಿದರು. "ಮುಖ ಕಾಣೋ ನೆಲ ಯಾರಿಗೆ ಹಾಸಿದಿ, ತಮ್ಮಾ?"

ಉತ್ತರಕ್ಕೆ ಕಾಯದೆ ತಾಯಿಯವರು ನಿಂಬೆವ್ವನ ಕಡೆ ತಿರುಗಿ, "ತಂಗಿ, ನೀರಡಿಕಿ ಆಗೈತಿ. ಒಂದು ತಂಬಿಗಿ ನೀರು ಕೊಡವ್ವ" ಎಂದರು.

"ಆಕೀಗೆ ಕಾಣೂದಿಲ್ರಿ, ನಾ ಕೊಡ್ತೀನಿ" ಎಂದು ಅವನು ಏಳಹೋದ.

"ನಿನ್ನ ಕೇಳಿಲ್ಲ."

ನಿಂಬೆವ್ವ ಕೈ ಚಾಚಿ ಗೋಡೆ ಮುಟ್ಟಿದಳು. ಅದರ ಉಬ್ಬು ಸಿಕ್ಕಿತು, ಉಬ್ಬಿನ ಪಕ್ಕ ದೀಪದ ಗೂಡು ಸಿಕ್ಕಿತು. ಎದ್ದು ನಿಂತಳು. ಇಳಿಜಾರು ಕಾಲಿಗೆ ಒಲೆಯ ದಿಕ್ಕು ತೋರಿಸಿತು, ಒಲೆಯ ಬಿಸುಪು ಎಲ್ಲಿ ನಿಲ್ಲಬೇಕೆಂದು ತಿಳಿಸಿತು. ನೀರಿನ ಹರವಿ ಜಿನುಗಿ ನೆಲ ತಂಪಾದ ಕಡೆ ಬಗ್ಗಿ, ಅದರ ಬಾಯಿಗೆ ಮುಚ್ಚಿದ್ದ ತಂಬಿಗೆ ತೆಗೆದು ತುಂಬಿದಳು. ಬಂದ ದಾರಿಯಲ್ಲೇ ಹಿಂದಿರುಗಿ, ಒಂದು ಹನಿ ಚೆಲ್ಲದೆ ತಾಯಿಯವರ ಕೈಗೆ ಕೊಟ್ಟಳು.

"ನಮ್ಮ ಹಳೀ ಮನಿ ಹಂಗ ಐತ್ರೀ ಇದು" ಎಂದಳು. "ಅದರಾಗ ನಾ ಕುರುಡಿ ಆಗಿದ್ದಿಲ್ರಿ. ಹೊಸಾದ್ರಾಗ ಎಲ್ಲಾ ಕಡೆ ಒಂದ ನಮೂನಿ ನುಣುಪು. ಎಲ್ಲಿ ನಿಂತೀನಿ ಅನ್ನೂದ ತಿಳೀವಲ್ದು. ಇವರು ಅಷ್ಟು ಆಸೆಲೇ ಕಟ್ಟಿಸ್ಯಾರ, ಹೆಂಗ ಹೇಳ್ಲಿ?"

ಅಂದಾನೆಪ್ಪ ಅತ್ತ. ಸಾವಕಾರನೆಂಬ ಬಿಗುಮಾನ ಎತ್ತ ಹೋಯಿತೋ, ಬಾಯಿಗೆ ಶಲ್ಯ ಒತ್ತಿಕೊಂಡು ಅತ್ತ. ಹಳೆಯ ಮನೆಯನ್ನು ಇದ್ದ ಹಾಗೇ ಮತ್ತೆ ಕಟ್ಟಿಸುತ್ತೇನೆ ಎಂದ.

"ಆ ಮನಿ ಮಣ್ಣು ಎಲ್ಲೈತಿ?" ಎಂದು ತಾಯಿಯವರು ಕೇಳಿದರು.

ನಮ್ಮ ಕಡೆ ಹಾಳು ಗೋಡೆಯ ಮಣ್ಣೆಂದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಅಂದಾನೆಪ್ಪ ಅದನ್ನು ಬಂಡಿಗಟ್ಟಲೆ ಹೊಲಕ್ಕೆ ಹೇರಿಸಿದ್ದ. ಆ ವರ್ಷ ಹತ್ತಿ ಎದೆಯುದ್ದ ಬಂದಿತ್ತೆಂದು ಊರೆಲ್ಲ ಹೇಳಿಕೊಂಡೂ ಬಂದಿದ್ದ. ಈಗ ತಲೆ ತಗ್ಗಿಸಿ ಅಷ್ಟನ್ನೂ ಹೇಳಿದ.

"ಹಂಗಾದ್ರ ಹತ್ತಿ ಆಗಿ ಹೋತು" ಎಂದರು ತಾಯಿಯವರು. "ಇನ್ನ ಮ್ಯಾಲ ಆಕೀಗೆ ಗ್ವಾಡಿ ನೀನ ಆಗು."

ಊರಿಗೆ ಮರಳಿದವನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕಲ್ಲುಕುಟಿಗರಿಂದ ಒಂದು ಉಳಿ, ಒಂದು ಸುತ್ತಿಗೆ ತಂದ. ದಿನವೂ ಬೆಳಿಗ್ಗೆ ನಿಂಬೆವ್ವ ಅವನ ಭುಜ ಹಿಡಿದು ನಿಂತು ಹೇಳುತ್ತಿದ್ದಳು. ಇಲ್ಲಿಂದ ದೇವರ ಗೂಡಿಗೆ ಏಳು ಹೆಜ್ಜೆ, ಐದನೆಯದಕ್ಕೆ ಒಂದು ತಗ್ಗು, ಅಲ್ಲಿ ಕಂಬ, ಕಂಬದ ಬುಡದಲ್ಲಿ ಅತ್ತೆಯ ಒರಳು. ಅವಳು ಹೇಳಿದಂತೆ ಅವನು ಮುಖ ಕಾಣುವ ಕಲ್ಲನ್ನು ಕೆತ್ತಿ ಒರಟು ಮಾಡುತ್ತ ಹೋದ. ಇಪ್ಪತ್ತಾರು ವರ್ಷ ಬಾಳಿದ ಮನೆಯಲ್ಲಿ ಇಷ್ಟೆಲ್ಲ ಇತ್ತೆಂಬುದು ಅವನಿಗೆ ಆಗಲೇ ಗೊತ್ತಾದದ್ದು. ಸಾವಕಾರನಿಗೆ ಪಿತ್ತ ನೆತ್ತಿಗೇರಿದೆ ಎಂದು ಊರು ನಕ್ಕಿತು. ನಗಲಿ ಬಿಡಿ. ಶ್ರಾವಣದ ಮೊದಲ ಸೋಮವಾರ ನಿಂಬೆವ್ವ ಯಾರ ಕೈಯನ್ನೂ ಹಿಡಿಯದೆ ನಡೆದುಹೋಗಿ ದೇವರಿಗೆ ದೀಪ ಇಟ್ಟಳು.

ಅಡುಗೆಮನೆಯವರೆಗೆ ಕೆತ್ತಲು ಇನ್ನೂ ಆರು ಹೆಜ್ಜೆ ಉಳಿದಿತ್ತು. ಹದಿನಾಲ್ಕು ತಿಂಗಳು ಕುಂದಿದ ಜೀವ, ಛಟ್ಟಿ ಅಮಾವಾಸ್ಯೆಯ ಚಳಿಯನ್ನು ತಾಳಲಿಲ್ಲ. ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು.

ಅಂದಾನೆಪ್ಪ ಒಬ್ಬನೇ ಹುಣಸಿಕಟ್ಟಿಗೆ ಬಂದು ತಾಯಿಯವರ ಪಾದದ ಬಳಿ ಉಳಿಯನ್ನಿಟ್ಟ. "ಆರು ಹೆಜ್ಜಿ ಉಳದಾವ್ರೀ ಯವ್ವಾ. ಮುಗಸ್ಲೇನು?"

ತಾಯಿಯವರ ಕಣ್ಣಲ್ಲಿ ನೀರಾಡಿತು. "ಹೆಂಗ ಮುಗಸ್ತಿ, ತಮ್ಮಾ? ಆ ಹಾದಿ ಆಕೀಗಷ್ಟ ಗೊತ್ತಿತ್ತು" ಎಂದರು.

ಅವನು ಮುಗಿಸಲಿಲ್ಲ. ಮಹಲು ನೋಡಬೇಕೆಂದು ದೂರದಿಂದ ಬಂದವರಿಗೆ ಸಾಗವಾನಿಯ ಬಾಗಿಲು ತೋರಿಸದೆ ಆ ಉಳಿಯ ಗುರುತುಗಳನ್ನಷ್ಟೇ ತೋರಿಸುತ್ತಿದ್ದ. ಬದುಕಿರುವವರೆಗೂ ಪ್ರತಿದಿನ ಸ್ನಾನ ಮುಗಿಸಿ, ಕಣ್ಣು ಮುಚ್ಚಿ, ಬರಿಗಾಲಲ್ಲಿ ಆ ದಾರಿ ಹಿಡಿದು ನಡೆಯುತ್ತಿದ್ದ. ಕಂಬ ದಾಟಿ, ಒರಳಿದ್ದ ಜಾಗ ದಾಟಿ, ದೇವರ ಗೂಡು ದಾಟಿ ಹೋಗುತ್ತಿದ್ದಂತೆ ಕಾಲಿಗೆ ನುಣುಪು ತಾಗುತ್ತಿತ್ತು. ಅಲ್ಲಿ ನಿಂತು, "ನಿಂಬೀ, ಇಲ್ಲಿಂದ ಮುಂದ ಹೆಂಗ?" ಎಂದು ಮೆಲ್ಲಗೆ ಕೇಳುತ್ತಿದ್ದ.