ಅಧ್ಯಕ್ಷರ ಮಾದರಿ ಬಟ್ಟೆ

ಪರೀಕ್ಷೆಗೆ ಹತ್ತೇ ನಿಮಿಷವಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಮರಿಲಿಂಗಪ್ಪನವರು ಸಮವಸ್ತ್ರದ ಮಾದರಿ ತುಂಡು ಹಿಡಿದು ಗೇಟಿನಲ್ಲೇ ನಿಂತಿದ್ದರು. ಬಟ್ಟೆ ಆರಿಸಿದವರೂ ಅವರೇ. ತಾಯಿಯ ಜೊತೆ ಬಂದ ಸುಗುಣಳ ಅಂಗಿಯ ನೀಲಿ ಆ ತುಂಡಿನ ನೀಲಿಗೆ ಹೊಂದಲಿಲ್ಲ.

"ಇದು ಸಮವಸ್ತ್ರವೇ ಅಲ್ಲ. ಮನೆಗೆ ಕರ್ಕೊಂಡು ಹೋಗಮ್ಮ."

"ನೀವೇ ಕೊಡಿಸಿದ್ದು ಸ್ವಾಮಿ. ಎರಡು ಸಲ ಒಗೆದೆ, ಅಷ್ಟೇ," ಎಂದಳು ತಾಯಿ.

"ಮಾದರಿಗೆ ಸಮ ಇದ್ರೆ ಮಾತ್ರ ಒಳಗೆ."

ಸುಗುಣಳ ಕಣ್ಣು ತುಂಬಿತು. ಸುತ್ತ ಬೇರೆ ಪೋಷಕರು ಗುಂಪುಗೂಡಿದರು. ತಾಯಿ ವಿನಯದಿಂದ ಕೈ ಚಾಚಿದಳು.

"ಹಾಗಾದ್ರೆ ಆ ತುಂಡು ಕೊಡಿ ಸ್ವಾಮಿ. ಇಲ್ಲೇ ನಲ್ಲಿಯಲ್ಲಿ ಎರಡು ಸಲ ಒಗೆದುಕೊಡ್ತೀನಿ. ಎರಡೂ ಸಮ ಆಗ್ತವೆ."

ಅಧ್ಯಕ್ಷರು ನಲ್ಲಿಯನ್ನು ನೋಡಿದರು. ಪೋಷಕರನ್ನೂ ನೋಡಿದರು. ತುಂಡು ಮೆಲ್ಲಗೆ ಜೇಬು ಸೇರಿತು.

"ಏನಮ್ಮಾ ನೀನು! ಮಗೂನ ಇಲ್ಲಿ ನಿಲ್ಲಿಸ್ಕೊಂಡು ಮಾತಾಡ್ತಿದ್ದೀಯಲ್ಲ, ಪರೀಕ್ಷೆಗೆ ಹೊತ್ತಾಗಲ್ವೇ?" ಎಂದು ಗದರಿದರು.